ಅಂಚಿನಲ್ಲಿ ಗೆಲ್ಲುವ ಸಹಕಾರಿಗಳು

ಗೇಮ್ ಥಿಯರಿಯವರು ‘ಕೈದಿಗಳ ಇಕ್ಕಟ್ಟು’ ಎನ್ನುವ ಆಟದಲ್ಲಿ ಮೋಸವೇ ಲಾಭ. ಎಲ್ಲರೂ ಎಲ್ಲರೊಡನೆ ಬೆರೆತು ಆಡಿದರೆ ಸಹಕಾರಿಗಳ ಸಂತತಿ ಅಳಿಯುವುದು ಖಚಿತ. 1992ರಲ್ಲಿ ಆಕ್ಸ್‌ಫರ್ಡ್‌ನ ಮಾರ್ಟಿನ್ ನೊವಾಕ್ ಮತ್ತು ರಾಬರ್ಟ್ ಮೇ ಇದೇ ಆಟವನ್ನು ಚೌಕದ ಮನೆಗಳ ಹಾಸಿನ ಮೇಲೆ ಹೂಡಿದರು. ಮನೆಗೊಬ್ಬ ಆಟಗಾರ. ಸುತ್ತಲಿನ ಎಂಟು ಮಂದಿಯ ಜೊತೆಗೆ, ಲೆಕ್ಕಕ್ಕಾಗಿ ತನ್ನೊಡನೆಯೂ ಒಮ್ಮೆ ಆಡುತ್ತಾನೆ. ಇಬ್ಬರೂ ಸಹಕರಿಸಿದರೆ ತಲಾ 1 ಅಂಕ. ಸಹಕಾರಿಗೆ ಟೋಪಿ ಹಾಕಿದವನಿಗೆ 1.9 ಎಂದಿಟ್ಟುಕೊಳ್ಳೋಣ, ಉಳಿದಂತೆ ಸೊನ್ನೆ. ಸುತ್ತು ಮುಗಿದಾಗ ನೆರೆಯಲ್ಲಿ ಹೆಚ್ಚು ಗಳಿಸಿದವನ ನಡೆಯನ್ನೇ ಎಲ್ಲರೂ ನಕಲು ಮಾಡುತ್ತಾರೆ. ನೆನಪಿಲ್ಲ, ಸೇಡಿಲ್ಲ, ಧರ್ಮಬುದ್ಧಿಯಂತೂ ಇಲ್ಲವೇ ಇಲ್ಲ.

ಸಹಕಾರಿಗಳ ನಡುವೆ ಒಬ್ಬನೇ ಮೋಸಗಾರನನ್ನು ಬಿಡಿ. ಅವನಿಗೆ 15.2 ಅಂಕ, ಸಹಕಾರಿಯ ಗರಿಷ್ಠ ಗಳಿಕೆ 9. ಎಂಟೂ ನೆರೆಯವರು ಮೋಸಕ್ಕಿಳಿಯುತ್ತಾರೆ. ಒಂಬತ್ತು ಮನೆಗಳ ಆ ಗುಂಪು ಮುಂದಿನ ಸುತ್ತಿಗೆ ಇಪ್ಪತ್ತೈದಾಗುತ್ತದೆ. ಇನ್ನೇನು ಮುಗಿಯಿತು ಎನ್ನುವಾಗ ಅಂಚನ್ನು ನೋಡಿ. ಅಲ್ಲಿನ ಮೋಸಗಾರನಿಗೆ ಸುಲಿಯಲು ಸಿಗುವುದು ಮೂವರೇ: 5.7 ಅಂಕ. ಎದುರಿನ ಸಹಕಾರಿಗೆ ಬೆನ್ನ ಹಿಂದೆ ತನ್ನವರಿದ್ದಾರೆ: 6 ಅಂಕ. ಪ್ರತಿ ಅಂಚಿನ ನಟ್ಟನಡುವಿನ ಮನೆ ಸಹಕಾರಕ್ಕೆ ಮರಳುತ್ತದೆ. ಮೂಲೆಯಲ್ಲಿರುವವನಿಗೆ ಮಾತ್ರ ಐವರು ಸಿಗುತ್ತಾರೆ; 9.5 ಗಳಿಸಿ, ಸಹಕಾರಿಯ 9ನ್ನು ಕೂದಲೆಳೆಯಲ್ಲಿ ಮೀರಿ ಮುಂದೊತ್ತುತ್ತಾನೆ. ಮೋಸದ ಲಾಭ 1.8ರಿಂದ 2ರ ನಡುವೆ ಇರುವಷ್ಟೂ ಅಂಚು ಸಹಕಾರಿಗಳದು, ಮೂಲೆ ಮೋಸಗಾರರದು. ಪರದೆಯ ಮೇಲೆ ರಂಗೋಲಿಯಂಥ ಚಿತ್ತಾರ ಬದಲಾಗುತ್ತಲೇ ಹೋಗುತ್ತದೆ. ಮೋಸಗಾರರನ್ನು ಎಲ್ಲೆಂದರಲ್ಲಿ ಚೆಲ್ಲಿ ಶುರುಮಾಡಿದರೂ ಸಹಕಾರಿಗಳ ಪಾಲು ಶೇ. 32ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಈ ಚೆಲುವಿಗೆ ಮರುಳಾಗುವ ಮುನ್ನ 1993ರ ಹ್ಯೂಬರ್‌ಮನ್ ಮತ್ತು ಗ್ಲಾನ್ಸ್ ಅವರ ತಕರಾರು ಕೇಳಬೇಕು. ಎಲ್ಲರೂ ಒಮ್ಮೆಲೇ ಅಲ್ಲ, ಒಬ್ಬೊಬ್ಬರಾಗಿ ನಡೆ ಬದಲಿಸಿದಾಗ ಅವರ ಹಾಸನ್ನು ಮೋಸವೇ ನುಂಗಿತು. ಲಾಭದ ಆಸೆ ತುಸು ಕಡಿಮೆಯಿದ್ದರೆ ಹಾಗೆ ಆಡಿದರೂ ಸಹಕಾರ ಉಳಿಯುತ್ತದೆ ಎಂದು ನೊವಾಕ್ ಬಳಗ ಮರುವರ್ಷ ಉತ್ತರ ಕೊಟ್ಟಿತು. ವಾದ ನ್ಯಾಯವಾದದ್ದೇ.

ಕೈಗೆ ನಿಲುಕುವ ಸೂತ್ರ ಬಂದದ್ದು 2006ರಲ್ಲಿ, ಹಿಸಾಶಿ ಓತ್ಸುಕಿ ಮತ್ತು ಸಂಗಡಿಗರಿಂದ. ಉಪಕಾರದ ಫಲ ಅದರ ಖರ್ಚಿನ ಎಷ್ಟು ಪಟ್ಟು ಎಂದು ನೋಡಿ. ಅದು ಒಬ್ಬೊಬ್ಬನ ಸರಾಸರಿ ನಂಟುಗಳ ಸಂಖ್ಯೆಯನ್ನು ಮೀರಿದರೆ ಸಹಕಾರ ಬೇರೂರಬಲ್ಲದು. ಅಂದರೆ ನಂಟು ಕಡಿಮೆಯಿದ್ದಷ್ಟೂ ಅನುಕೂಲ!

ಮನುಷ್ಯರು ಹೀಗೆಯೇ ಆಡುತ್ತಾರೆಯೆ? ಸ್ಪೇನಿನ ಅರಗಾನ್ ಪ್ರಾಂತದಲ್ಲಿ 1,229 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಎರಡು ಬಗೆಯ ಜಾಲಗಳಲ್ಲಿ ಆಡಿಸಿ ನೋಡಿದರು. 2012ರಲ್ಲಿ ಫಲಿತಾಂಶ ಹೊರಬಂತು. ಎರಡರಲ್ಲೂ ಸಹಕಾರ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಆ ಹುಡುಗ ಹುಡುಗಿಯರು ಗಳಿಕೆ ನೋಡಿ ಯಾರನ್ನೂ ನಕಲು ಮಾಡಲಿಲ್ಲ. ಕಳೆದ ಸುತ್ತಿನಲ್ಲಿ ನೆರೆಯವರೆಷ್ಟು ಮಂದಿ ಸಹಕರಿಸಿದರು, ತಾವೇನು ಮಾಡಿದ್ದೆವು ಎಂಬುದನ್ನಷ್ಟೇ ನೋಡಿದರು. 2014ರಲ್ಲಿ ಡೇವಿಡ್ ರ‍್ಯಾಂಡ್ ಮತ್ತಿತರರು ಓತ್ಸುಕಿ ಸೂತ್ರಕ್ಕೆ ಹೊಂದುವಂತೆ ಫಲ ಖರ್ಚುಗಳನ್ನು ಹೊಂದಿಸಿಟ್ಟು ಆಡಿಸಿದಾಗ ಮಾತ್ರ, ಜಾಲದೊಳಗಿನ ಸಹಕಾರ ಸುತ್ತಿನಿಂದ ಸುತ್ತಿಗೆ ಕುಸಿಯದೆ ಉಳಿಯಿತು.