ರೂಟರ್‌ನಲ್ಲಿ ಕೆಂಪು ಲೈಟ್ ಬರ್ತಿದ್ಯಾ? ಗುಡ್ಡ ಹತ್ತಿ ಕಂಪ್ಲೇಂಟ್ ಕೊಡೋ ಮೊದಲು ಇಷ್ಟು ನೋಡ್ಕೊಳ್ಳಿ

ಸಾಗರ: ಮಳೆಗಾಲ ಶುರುವಾಯ್ತು ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕಿನ ಹಳ್ಳಿಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ ಕೇಳೋ ಪ್ರಶ್ನೆ ಎರಡೇ. ನಿಮ್ಮಲ್ಲಿ ಕರೆಂಟ್ ಇದ್ಯಾ? ನಿಮ್ಮಲ್ಲಿ ನೆಟ್ ಬರ್ತಿದ್ಯಾ?

ಪೇಟೆಯವರಿಗೆ ವೈಫೈ ಹೋದ್ರೆ ಮೊಬೈಲ್ ಡೇಟಾ ಇದೆ. ನಮ್ಮ ಕಡೆ ಎಷ್ಟೋ ಊರಲ್ಲಿ ಅದಿಲ್ಲ. ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡ ಹತ್ತಿ ಕೂತಿದ್ದು, 2021ರಲ್ಲಿ ಈ ಭಾಗದಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನ ನಡೆದಿದ್ದು ಇನ್ನೂ ನೆನಪಿದೆ. ಈಗ ಅಂಥ ಎಷ್ಟೋ ಮನೆಗಳಿಗೆ ಫೈಬರ್ ಬಂದಿದೆ. ಫೋನ್ ಮಾತಾಡೋದೂ ವೈಫೈ ಕಾಲಿಂಗ್‌ನಲ್ಲೇ. ಅಂಗಡಿಗೆ ಬಂದ ಗಿರಾಕಿ ಅಂಗಡಿಯ ವೈಫೈ ಹಾಕ್ಕೊಂಡೇ ಸ್ಕ್ಯಾನ್ ಮಾಡಿ ದುಡ್ಡು ಕೊಡ್ಬೇಕು. ಹಾಗಾಗಿ ರೂಟರ್ ಕೈಕೊಟ್ರೆ ಕಂಪ್ಲೇಂಟ್ ಕೊಡೋ ಫೋನೂ ಬಂದ್.

ಕಳೆದ ಮಳೆಗಾಲದಲ್ಲಿ ನಮ್ಮನೆ ನೆಟ್ ಹೋದಾಗ ಕೊಡೆ ಹಿಡ್ಕೊಂಡು ರೇಂಜ್ ಸಿಗೋ ದಿಣ್ಣೆಗೆ ಹೋಗಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ‘ಯಾವ ಲೈಟ್ ಉರೀತಿದೆ ಸರ್?’ ಅಂತ ಕೇಳಿದ್ರು. ನಾನು ನೋಡೇ ಇರ್ಲಿಲ್ಲ. ಮನೆಗೆ ವಾಪಸ್ ಬಂದು, ಸಿಟ್ಟಲ್ಲಿ ಪಿನ್ ತೂರಿಸಿ ರಿಸೆಟ್ ಬಟನ್ ಒತ್ತಿಬಿಟ್ಟೆ. ಕಟ್ ಆಗಿದ್ದ ಕೇಬಲ್ ಮಾರನೇ ದಿನವೇ ಸರಿಯಾಯ್ತು. ಆದ್ರೆ ರಿಸೆಟ್‌ನಿಂದ ಸೆಟ್ಟಿಂಗ್ ಅಳಿಸಿಹೋಗಿ ಮತ್ತೆ ಮೂರು ದಿನ ನೆಟ್ ಇಲ್ಲ. ಆ ತಪ್ಪು ನನ್ನದೇ. ನಿಮಗೆ ಹಾಗಾಗಬಾರದು ಅಂತ ಈ ಬರಹ.

ಲೈಟ್ ಏನು ಹೇಳುತ್ತೆ?

ಫೈಬರ್ ಕನೆಕ್ಷನ್ ಇದ್ದವರ ಮನೆಯ ಬಾಕ್ಸ್‌ಗೆ ಓಎನ್‌ಟಿ ಅಂತಾರೆ. ನಾವು ರೂಟರ್ ಅಂತಲೇ ಕರೆಯೋದು. ಅದರ ಮುಂಭಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಪವರ್, ಪಾನ್, ಎಲ್‌ಓಎಸ್, ಇಂಟರ್ನೆಟ್, ವೈಫೈ ಅಂತ ಬರೆದಿರುತ್ತೆ. ಬಾಕ್ಸ್ ಮಾಡಿದ ಕಂಪನಿ ಬೇರೆ ಆದ್ರೆ ಹೆಸರು ಸ್ವಲ್ಪ ಆಚೀಚೆ ಇರಬಹುದು.

ಒಂದು ಲೈಟೂ ಇಲ್ಲ: ತೊಂದರೆ ಕರೆಂಟಿನದ್ದು. ಬೇರೆ ಪ್ಲಗ್‌ಗೆ ಹಾಕಿ ನೋಡಿ. ಆಗಲೂ ಬರದಿದ್ರೆ ಹೆಚ್ಚಿನ ಸಲ ಹೋಗಿರೋದು ಅಡಾಪ್ಟರ್. ಹೊಸದು ತರುವಾಗ ಹಳೇದನ್ನೂ ಅಂಗಡಿಗೆ ತಗೊಂಡು ಹೋಗಿ. ವೋಲ್ಟ್ ಅಷ್ಟೇ ಇರಬೇಕು, ಪಿನ್ ಹೊಂದಬೇಕು, ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. ಲೈಟ್ ಬಂದು ಬಂದು ಆಫ್ ಆಗ್ತಿದ್ರೂ ಅಡಾಪ್ಟರ್ ಮೇಲೇ ಅನುಮಾನ ಪಡಿ.

ಎಲ್‌ಓಎಸ್ ಕೆಂಪು: ಮನೆವರೆಗೆ ಫೈಬರ್‌ನಲ್ಲಿ ಬೆಳಕು ಬರ್ತಿಲ್ಲ ಅಂತ ಅರ್ಥ. ಇದಕ್ಕೆ ರೂಟರ್‌ನಲ್ಲಿ ಏನು ಒತ್ತಿದ್ರೂ ಪ್ರಯೋಜನ ಇಲ್ಲ. ಎಲ್ಲೋ ಮರ ಬಿದ್ದಿರಬಹುದು, ಧರೆ ಕುಸಿದಿರಬಹುದು, ಜೆಸಿಬಿ ಕೆಲಸದಲ್ಲಿ ಕೇಬಲ್ ಹರಿದಿರಬಹುದು, ತೋಟದಲ್ಲಿ ದೋಟಿ ತಾಗಿರಬಹುದು, ಮಂಗ ಎಳೆದಿರಬಹುದು. ತುಂಬಾ ಹೊತ್ತು ಕರೆಂಟ್ ಇಲ್ಲದೆ ಎಕ್ಸ್‌ಚೇಂಜ್ ಕಡೆಯ ಬ್ಯಾಟರಿ ಖಾಲಿಯಾದ್ರೂ ಎಲ್ಲರ ಮನೆಯಲ್ಲೂ ಇದೇ ಕೆಂಪು ಲೈಟ್ ಬರುತ್ತೆ.

ಎಲ್‌ಓಎಸ್ ಆಫ್, ಪಾನ್ ಮಿನುಗ್ತಾ ಇದೆ: ಬೆಳಕು ಬರ್ತಿದೆ, ಆದ್ರೆ ಬಾಕ್ಸ್ ಇನ್ನೂ ಕಂಪನಿ ಕಡೆಗೆ ಜೋಡಣೆ ಆಗಿಲ್ಲ. ಕರೆಂಟ್ ಬಂದ ಕೂಡಲೇ ಹೀಗಾಗೋದು ಸಹಜ, ಐದು ನಿಮಿಷ ಬಿಡಿ. ಹಾಗೇ ಮಿನುಗ್ತಾ ಇದ್ರೆ ಕಂಪ್ಲೇಂಟ್ ಕೊಡಿ.

ಪಾನ್ ನಿಂತು ಉರೀತಿದೆ, ಇಂಟರ್ನೆಟ್ ಲೈಟ್ ಇಲ್ಲ ಅಥವಾ ಕೆಂಪು: ಕೇಬಲ್ ಸರಿ ಇದೆ. ಮೊದಲು ಬಿಲ್ ನೋಡಿ, ಪ್ಲಾನ್ ಮುಗಿದಿರಬಹುದು. ಬಿಲ್ ಕಟ್ಟಿದ್ರೂ ಬರ್ತಿಲ್ಲ ಅಂದ್ರೆ ಲಾಗಿನ್ ಐಡಿ, ಪಾಸ್‌ವರ್ಡ್ ತೊಂದರೆ ಇರಬಹುದು. ನಾನು ಅಳಿಸಿದ್ದು ಇದನ್ನೇ.

ಎಲ್ಲ ಹಸಿರು, ಆದ್ರೂ ನೆಟ್ ಇಲ್ಲ: ಇನ್ನೊಂದು ಮೊಬೈಲ್‌ನಲ್ಲಿ ನೋಡಿ. ಅದರಲ್ಲಿ ಬಂದ್ರೆ ತೊಂದರೆ ನಿಮ್ಮ ಮೊಬೈಲ್‌ನದ್ದು. ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಹೆಸರನ್ನ ಫರ್ಗೆಟ್ ಮಾಡಿ ಮತ್ತೆ ಪಾಸ್‌ವರ್ಡ್ ಹಾಕಿ. ರೂಟರ್ ಪಕ್ಕ ಚೆನ್ನಾಗಿ ಬಂದು ಒಳಗೆ ಬರ್ತಿಲ್ಲ ಅಂದ್ರೆ ಅದು ಗೋಡೆ ಮಹಿಮೆ. ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ ದಾಟೋದು ವೈಫೈಗೆ ಕಷ್ಟ. ಅದರಲ್ಲೂ 5 ಗಿಗಾಹರ್ಟ್ಸ್‌ಗೆ ಇನ್ನೂ ಕಷ್ಟ. ಒಳಗಿನ ಕೋಣೆಯಲ್ಲಿ 2.4 ಗಿಗಾಹರ್ಟ್ಸ್ ಹೆಸರಿಗೆ ಕನೆಕ್ಟ್ ಆಗಿ.

ನೀವೇ ಮಾಡಬಹುದಾದ್ದು

ರೂಟರ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಐದು ನಿಮಿಷ ಕಾಯಿರಿ. ಕೆಲವರ ಮನೆಯಲ್ಲಿ ಎರಡು ಬಾಕ್ಸ್ ಇರುತ್ತೆ. ಆಗ ಫೈಬರ್ ಬರೋ ಬಾಕ್ಸ್ ಮೊದಲು, ವೈಫೈ ಬಾಕ್ಸ್ ಆಮೇಲೆ ಆನ್ ಮಾಡಿ. ಎರಡರ ನಡುವಿನ ಕೇಬಲ್ ಗಟ್ಟಿಯಾಗಿ ಕೂತಿದ್ಯಾ ನೋಡಿ.

ಆಫ್ ಮಾಡಿ ಆನ್ ಮಾಡೋದೇ ಬೇರೆ, ಸಣ್ಣ ತೂತಿನೊಳಗಿನ ರಿಸೆಟ್ ಬಟನ್ ಒತ್ತೋದೇ ಬೇರೆ. ಎರಡನೆಯದು ಬೇಡ.

ಫೈಬರ್ ವೈರ್ ಚೂಪಾಗಿ ಮಡಚಿದ್ರೆ, ಕಪಾಟಿನ ಸಂದಿಯಲ್ಲಿ ಸಿಕ್ಕಿದ್ರೆ ಸಡಿಲ ಮಾಡಿ. ಒಳಗಿರೋದು ಗಾಜಿನ ಎಳೆ. ಬೆಳಕು ಓಡಾಡೋ ಭಾಗ ಬರೀ 9 ಮೈಕ್ರಾನ್, ನಮ್ಮ ಕೂದಲಿಗಿಂತ ಎಷ್ಟೋ ಸಣ್ಣದು. ಅದರ ಮೇಲೆ ಒಂದು ಧೂಳಿನ ಕಣ ಕೂತ್ರೂ ಸಿಗ್ನಲ್ ಇಳಿಯುತ್ತೆ. ಅದಕ್ಕೇ ಹಸಿರು ಅಥವಾ ನೀಲಿ ಪಿನ್ ಬಿಚ್ಚಿ ಬಟ್ಟೆಯಲ್ಲಿ ಒರೆಸೋಕೆ ಹೋಗ್ಬೇಡಿ. ಬಿಚ್ಚಿದ ಪಿನ್ನಿನ ತುದಿ ಕಣ್ಣಿಗೆ ಹಿಡಿದು ನೋಡಲೂಬೇಡಿ. ಬರೋದು ಲೇಸರ್, ಕಣ್ಣಿಗೆ ಕಾಣಲ್ಲ, ಆದ್ರೆ ಕಣ್ಣಿಗೆ ಒಳ್ಳೇದಲ್ಲ.

ಸಿಡಿಲಿದ್ದಾಗ

ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಹಳೇ ತಾಮ್ರದ ಫೋನ್ ಲೈನ್‌ನಂತೆ ಫೈಬರ್ ಮೂಲಕ ಸಿಡಿಲು ಬಾಕ್ಸ್‌ಗೆ ಬರಲ್ಲ. ಆದ್ರೆ ಅಡಾಪ್ಟರ್ ಮೂಲಕ ಬರುತ್ತೆ. ಗುಡುಗು ದೂರ ಇದ್ದಾಗಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು.

ಹೊರಗೆ ಫೈಬರ್ ಕೇಬಲ್ ಹರಿದು ಬಿದ್ದಿದ್ರೆ ಎಳೆಯೋಕೆ, ಕಟ್ಟೋಕೆ ಹೋಗ್ಬೇಡಿ. ಆಧಾರಕ್ಕೆ ಅದರಲ್ಲಿ ಉಕ್ಕಿನ ತಂತಿ ಇರುವುದುಂಟು. ಮರ ಬಿದ್ದ ಜಾಗದಲ್ಲಿ ವಿದ್ಯುತ್ ತಂತಿ ಅದಕ್ಕೆ ತಾಗಿದ್ರೆ ಜೀವಕ್ಕೇ ಅಪಾಯ. ಮೊದಲು ಮೆಸ್ಕಾಂ 1912ಕ್ಕೆ ತಿಳಿಸಿ. ನೆಟ್ ನಾಳೆ ಬಂದ್ರೂ ಆಗುತ್ತೆ.

ದಿಣ್ಣೆಗೆ ಹೋಗೋ ಮೊದಲು

ಪಕ್ಕದ ಮನೆಯವರ ಲೈಟ್ ಕೇಳಿ. ಒಂದೇ ಫೈಬರ್ ಒಡೆದು 32 ಅಥವಾ 64 ಮನೆವರೆಗೂ ಕೊಟ್ಟಿರ್ತಾರೆ. ಎಲ್ಲರದ್ದೂ ಕೆಂಪಾದ್ರೆ ಮುಖ್ಯ ಲೈನ್ ಹೋಗಿದೆ. ನಿಮ್ಮದೊಂದೇ ಕೆಂಪಾದ್ರೆ ಕಂಬದಿಂದ ನಿಮ್ಮ ಮನೆವರೆಗಿನ ತುಂಡಲ್ಲಿ ತೊಂದರೆ. ಇದನ್ನ ಮೊದಲೇ ಹೇಳಿದ್ರೆ ಲೈನ್ ನೋಡೋ ಹುಡುಗರಿಗೆ ಅರ್ಧ ಕೆಲಸ ಕಮ್ಮಿ. ಮಳೆಯಲ್ಲಿ ಕಂಬ ಕಂಬ ಹುಡುಕೋರು ಅವರೇ ತಾನೆ?

ಬಿಎಸ್‌ಎನ್‌ಎಲ್ ಫೈಬರ್‌ಗೆ ಲ್ಯಾಂಡ್‌ಲೈನ್ ಜೋಡಿಸಿಕೊಂಡಿದ್ರೆ ರಿಸೀವರ್ ಎತ್ತಿ ಕೇಳಿ. ಡಯಲ್ ಟೋನ್ ಇದ್ರೆ ಫೈಬರ್ ಸರಿ ಇದೆ ಅಂತಲೇ ಲೆಕ್ಕ. ಅದರಿಂದಲೇ ಕಂಪ್ಲೇಂಟ್ ಕೊಡಬಹುದು, ಗುಡ್ಡ ಹತ್ತೋದೇ ಬೇಡ. ಬಿಎಸ್‌ಎನ್‌ಎಲ್ ಸಹಾಯವಾಣಿ 1800-4444.

ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಫೈಬರ್ ನೋಡ್ಕೊಳ್ಳೋರು ಸಾಮಾನ್ಯವಾಗಿ ಸ್ಥಳೀಯ ಪಾಲುದಾರರು, ಕೇಬಲ್ ಆಪರೇಟರ್‌ಗಳು. ಅವರಿಗೆ ಫೋನ್ ಮಾಡಿ. ಆದ್ರೆ ಅಷ್ಟಕ್ಕೇ ಬಿಡಬೇಡಿ. ಕಸ್ಟಮರ್ ಕೇರ್‌ನಲ್ಲೂ ದಾಖಲಿಸಿ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಬಾಯಿಮಾತಿನ ಕಂಪ್ಲೇಂಟ್‌ಗೆ ಲೆಕ್ಕ ಇಲ್ಲ. ದಿನಗಟ್ಟಲೆ ಸರಿಯಾಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲಿ ಮೊದಲು ಕೇಳೋದೇ ಈ ನಂಬರ್. ಈ ವ್ಯವಸ್ಥೆ ಇರೋದು ಟ್ರಾಯ್ ನಿಯಮದ ಪ್ರಕಾರ.

ಒಂದು ಚೀಟಿ ಅಂಟಿಸಿಡಿ

ರೂಟರ್ ಪಕ್ಕ ಗೋಡೆಗೆ ಒಂದು ಚೀಟಿ ಅಂಟಿಸಿ. ಅದರಲ್ಲಿ ಇಷ್ಟು ಬರೆದಿರಲಿ:

- ಕಸ್ಟಮರ್ ಐಡಿ, ಅಥವಾ ಬಿಎಸ್‌ಎನ್‌ಎಲ್ ಆದ್ರೆ ಲ್ಯಾಂಡ್‌ಲೈನ್ ನಂಬರ್ (ಸಾಗರ 08183, ಹೊಸನಗರ 08185, ತೀರ್ಥಹಳ್ಳಿ 08181)
- ಕನೆಕ್ಷನ್ ಯಾರ ಹೆಸರಲ್ಲಿದೆ, ಯಾವ ಮೊಬೈಲ್ ನಂಬರ್ ಕೊಟ್ಟಿದೆ
- ಲೈನ್ ನೋಡೋರ ನಂಬರ್, ಕಸ್ಟಮರ್ ಕೇರ್ ನಂಬರ್
- ನೆಟ್ ಸರಿ ಇದ್ದಾಗ ಯಾವ ಯಾವ ಲೈಟ್ ಉರಿಯುತ್ತೆ

ಕೊನೆಯದನ್ನ ಇವತ್ತೇ, ನೆಟ್ ಇರುವಾಗಲೇ ನೋಡಿ ಬರೀರಿ. ಮಕ್ಕಳು ಬೆಂಗಳೂರಲ್ಲಿದ್ದು ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರೋ ಕಡೆ ಈ ಚೀಟಿ ಇನ್ನೂ ಮುಖ್ಯ. ಹಬ್ಬಕ್ಕೆ ಊರಿಗೆ ಬಂದಾಗ ಅವರಿಗೆ ಒಂದು ಸಲ ಲೈಟ್ ತೋರಿಸಿಕೊಟ್ಟು ಹೋಗಿ.