ಮಿಷನ್ ಆಸ್ಪತ್ರೆಯ ಹಳೆಯ ದಾಖಲೆಗಳು ಹೇಳಿದ್ದು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1906ರಲ್ಲಿ ಶುರುವಾದ ಈ ಆಸ್ಪತ್ರೆಯಲ್ಲಿ 1934ರಿಂದೀಚೆಗಿನ ಹೆರಿಗೆ ದಾಖಲೆಗಳು ಉಳಿದುಕೊಂಡಿವೆ. ಹುಟ್ಟಿದ ಮಗುವಿನ ತೂಕ ಎಷ್ಟು, ಉದ್ದ ಎಷ್ಟು, ತಲೆಯ ಸುತ್ತಳತೆ ಎಷ್ಟು, ಬಸುರಿಯಾಗಿದ್ದಾಗ ತಾಯಿ ಎಷ್ಟು ತೂಗುತ್ತಿದ್ದಳು ಎಂಬುದನ್ನೆಲ್ಲ ಅಲ್ಲಿನ ದಾದಿಯರು ಶ್ರದ್ಧೆಯಿಂದ ಬರೆದಿಟ್ಟಿದ್ದರು. ಅರವತ್ತು ವರ್ಷಗಳ ನಂತರ ಹೃದ್ರೋಗದ ಮೂಲ ಹುಡುಕುವವರಿಗೆ ಈ ಅಂಕಿಗಳು ದಾರಿ ತೋರಿಸುತ್ತವೆ ಎಂದು ಆಗ ಯಾರೂ ಊಹಿಸಿರಲಾರರು.

1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನಲ್ಲಿ ಅವರ ಜೊತೆಗೂಡಿದ ಡಾ. ಕೆ. ಕುಮಾರನ್ ಮೊದಲಾದವರು ಈ ದಾಖಲೆಗಳನ್ನು ಕೈಗೆತ್ತಿಕೊಂಡರು. ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ಸಮೀಕ್ಷೆ ನಡೆಯಿತು. 1934ರಿಂದ 1954ರೊಳಗೆ ಅಲ್ಲಿಯೇ ಹುಟ್ಟಿ ನಡುವಯಸ್ಸು ಮುಟ್ಟಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ 11ರಷ್ಟು ಮಂದಿಗೆ ಹೃದ್ರೋಗವಿತ್ತು. 3.1 ಕೆ.ಜಿ.ಗಿಂತ ಹೆಚ್ಚಿದ್ದವರಲ್ಲಿ ಅದು ಶೇ 3 ಮಾತ್ರ. ಮಗುವೂ ಹಗುರ, ತಾಯಿಯ ತೂಕವೂ 45 ಕೆ.ಜಿ.ಗಿಂತ ಕಡಿಮೆ ಇದ್ದ ಕಡೆ ಈ ಪ್ರಮಾಣ ಶೇ 20ಕ್ಕೆ ಏರಿತ್ತು.

ಐದರಲ್ಲಿ ಒಬ್ಬರು! ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಕ್ಕರೆ ಕಾಯಿಲೆ ಬಂದರೆ, ಎದೆನೋವು ಕಾಣಿಸಿಕೊಂಡರೆ ನಾವು ಮೊದಲು ಹೇಳುವ ಮಾತು ‘ನಮ್ಮ ಮನೆತನದಲ್ಲೇ ಇದೆ’ ಎಂಬುದು. ಮಕ್ಕಳ ಸ್ವಭಾವದ ವಿಷಯ ಬಂದರಂತೂ ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಸಿದ್ಧವಾಗಿರುತ್ತದೆ. ಮನೆತನದಲ್ಲಿ ಇರುವುದೇನೋ ನಿಜ. ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯವನ್ನು ಅಷ್ಟಷ್ಟೇ ಹೆಚ್ಚಿಸುವ ವ್ಯತ್ಯಾಸಗಳನ್ನು ವಿಜ್ಞಾನಿಗಳು ನಮ್ಮ ಡಿಎನ್‌ಎಯ ನೂರಾರು ಕಡೆ ಗುರುತಿಸಿದ್ದಾರೆ. ಆದರೆ ಮನೆತನವೆಂದರೆ ಬರೀ ರಕ್ತವಲ್ಲ. ಅಜ್ಜಿಯ ಅಡುಗೆ, ಅಮ್ಮನ ಹಸಿವು, ಮನೆಯ ಬಡತನ, ಹೆಣ್ಣುಮಕ್ಕಳು ಕೊನೆಗೆ ಊಟಕ್ಕೆ ಕೂರುವ ಪದ್ಧತಿ ಇವೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತವೆ. ವಂಶವಾಹಿಯಿಂದ ಬಂದದ್ದು ಯಾವುದು, ಮನೆಯಿಂದ ಬಂದದ್ದು ಯಾವುದು ಎಂದು ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ.

ಪರಿಸರ ಎಂದೊಡನೆ ನಮಗೆ ಶಾಲೆ, ಸಹವಾಸ, ನೆರೆಹೊರೆ ನೆನಪಾಗುತ್ತವೆ. ಮೈಸೂರಿನ ದಾಖಲೆಗಳು ಕಾಲವನ್ನು ಇನ್ನೂ ಹಿಂದಕ್ಕೆ ಒಯ್ದವು. ಮನುಷ್ಯನ ಮೊದಲ ಪರಿಸರ ತಾಯಿಯ ಗರ್ಭ. ಬರಗಾಲದಲ್ಲಿ ಮನೆಯ ಯಜಮಾನಿ ಇರುವ ಕಾಳನ್ನು ಯಾರಿಗೆ ಮೊದಲು ಬಡಿಸಬೇಕು ಎಂದು ಲೆಕ್ಕ ಹಾಕುವಂತೆ, ಪೋಷಣೆ ಸಾಲದ ಭ್ರೂಣವೂ ಮಿದುಳಿಗೆ ಮೊದಲು ಪಾಲು ಕೊಡುತ್ತದೆ. ಕೊರತೆ ಬೀಳುವುದು ಮೂತ್ರಪಿಂಡ, ಮೇದೋಜ್ಜೀರಕ, ಮಾಂಸಖಂಡಗಳಿಗೆ. ಮೂತ್ರಪಿಂಡದ ಶೋಧಕ ಘಟಕಗಳು ಹುಟ್ಟುವ ಹೊತ್ತಿಗೆ ಬಹುತೇಕ ರೂಪುಗೊಂಡು ಮುಗಿದಿರುತ್ತವೆ; ಆಮೇಲೆ ಎಷ್ಟು ಉಣಿಸಿದರೂ ಹೊಸವು ಹುಟ್ಟುವುದಿಲ್ಲ. ಕೊರತೆಗೆ ಹೊಂದಿಕೊಂಡು ಬೆಳೆದ ಈ ದೇಹ ಮುಂದೆ ಪಟ್ಟಣ ಸೇರಿ, ಕುರ್ಚಿಯ ಕೆಲಸ ಹಿಡಿದು, ಹೊಟ್ಟೆತುಂಬ ಉಣ್ಣತೊಡಗಿದಾಗ ಆ ಸಮೃದ್ಧಿಯೇ ಅದಕ್ಕೆ ಹೊರೆಯಾಗುತ್ತದೆ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಸುತ್ತಲಿನ ಹಳ್ಳಿಗಳ ಶಿಶುಗಳನ್ನು ಸೌತಾಂಪ್ಟನ್‌ನ ಶಿಶುಗಳೊಂದಿಗೆ ಹೋಲಿಸಿ ನೋಡಿದರು. ನಮ್ಮ ಮಕ್ಕಳು ಸುಮಾರು 2.7 ಕೆ.ಜಿ., ಅಲ್ಲಿಯವು ಸುಮಾರು 3.5 ಕೆ.ಜಿ. ಆದರೆ ನಮ್ಮ ಬಡಕಲು ಮಕ್ಕಳಲ್ಲಿ ಕಡಿಮೆ ಇದ್ದದ್ದು ಮುಖ್ಯವಾಗಿ ಮಾಂಸಖಂಡ. ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ಸಣಕಲಾಗಿದ್ದೂ ಸಕ್ಕರೆ ಕಾಯಿಲೆಗೆ ತುತ್ತಾಗುವ ಭಾರತೀಯನ ಕಥೆ ತೊಟ್ಟಿಲಿನಲ್ಲೇ ಆರಂಭವಾಗಿರುತ್ತದೆ.

ಹಾಗೆಂದು ವಂಶವಾಹಿಗಳನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಮಗುವಿನ ಬೆಳವಣಿಗೆಗೆ ಬೇಕಾದ ಇನ್ಸುಲಿನ್ ಕಡಿಮೆ ಮಾಡುವ ವಂಶವಾಹಿಯೇ ಹುಟ್ಟುತೂಕವನ್ನೂ ತಗ್ಗಿಸಿ, ಮುಂದೆ ಕಾಯಿಲೆಯನ್ನೂ ತರಬಹುದು ಎಂದು ಬ್ರಿಟನ್ನಿನ ಆಂಡ್ರ್ಯೂ ಹ್ಯಾಟರ್ಸ್ಲಿ ವಾದಿಸಿದರು. ಆ ವಾದಕ್ಕೂ ಆಧಾರವಿದೆ. ಇದರ ಜೊತೆಗೆ ಇನ್ನೊಂದು ತೊಡಕೂ ಇತ್ತು. ಮೈಸೂರಿನಲ್ಲೇ ಸಕ್ಕರೆ ಕಾಯಿಲೆಯ ಲೆಕ್ಕ ಹೃದ್ರೋಗದ ಲೆಕ್ಕಕ್ಕಿಂತ ಬೇರೆಯಾಗಿ ಬಂತು: ತೂಕ ಹೆಚ್ಚಿದ್ದ ತಾಯಂದಿರ, ಗಿಡ್ಡವಾಗಿ ದುಂಡಗೆ ಹುಟ್ಟಿದ ಮಕ್ಕಳಲ್ಲಿ ಅದು ಹೆಚ್ಚಾಗಿತ್ತು. ಗರ್ಭಿಣಿಗೆ ಸಕ್ಕರೆ ಏರಿದರೆ ಅದು ಮಗುವಿಗೂ ಹರಿಯುತ್ತದೆ ಎಂಬುದು ಇಲ್ಲಿನ ಗುಮಾನಿ. ಅದನ್ನು ಪರಿಶೀಲಿಸಲೆಂದೇ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಅದರಲ್ಲಿ ಸೇರಿದ ಗರ್ಭಿಣಿಯರ ಮಕ್ಕಳನ್ನು ವರ್ಷ ವರ್ಷವೂ ಬಿಡದೆ ಗಮನಿಸಲಾಯಿತು. ಗರ್ಭಿಣಿಯರಾಗಿದ್ದಾಗ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳು ಒಂಬತ್ತು–ಹತ್ತು ವರ್ಷದವರಾದಾಗ ಕಲಿಕೆ ಮತ್ತು ನೆನಪಿನ ಪರೀಕ್ಷೆಗಳಲ್ಲಿ ಉತ್ತಮ ಅಂಕ ಪಡೆದರು. ‘ಬುದ್ಧಿ ಅಪ್ಪನಿಂದ ಬಂತೋ ಅಮ್ಮನಿಂದ ಬಂತೋ’ ಎಂದು ಚರ್ಚಿಸುವ ಮನೆಗಳಲ್ಲಿ ಸೊಪ್ಪು–ಬೇಳೆಯ ಹೆಸರನ್ನೂ ಒಮ್ಮೆ ಎತ್ತಬೇಕು.

ವಂಶವಾಹಿಯೇ ಪೂರ್ಣ ಕಾರಣವಾದ ಕಡೆಯೂ ಪರಿಸರ ಕೈಕಟ್ಟಿ ಕೂತಿರುವುದಿಲ್ಲ. ಫಿನೈಲ್‌ಕೀಟೋನೂರಿಯಾ ಎಂಬ ಆನುವಂಶಿಕ ಕಾಯಿಲೆಯಲ್ಲಿ ಪ್ರೋಟೀನಿನ ಒಂದು ಅಂಶ ದೇಹದಲ್ಲಿ ಕರಗದೆ ಶೇಖರವಾಗಿ ಮಿದುಳನ್ನು ಹಾಳುಮಾಡುತ್ತದೆ. ನಾರ್ವೆಯ ಫೋಲಿಂಗ್ ಇದನ್ನು ಗುರುತಿಸಿದ್ದು 1934ರಲ್ಲಿ. ಇಂದು ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪತ್ತೆ ಮಾಡಿ, ಆಗಿನಿಂದಲೇ ಪಥ್ಯ ಹಿಡಿದರೆ ಮಗು ಎಲ್ಲರಂತೆ ಬೆಳೆಯುತ್ತದೆ. ವಂಶವಾಹಿ ಬದಲಾಗುವುದಿಲ್ಲ. ಬದಲಾಗುವುದು ತಟ್ಟೆ.

ನಡವಳಿಕೆಯ ಬಗ್ಗೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಬಂದದ್ದು ರೊಮೇನಿಯಾದಿಂದ. ಚೌಷೆಸ್ಕು ಆಡಳಿತ 1989ರಲ್ಲಿ ಕುಸಿದಾಗ ಅಲ್ಲಿನ ಸರ್ಕಾರಿ ಪಾಲನಾಲಯಗಳಲ್ಲಿ ಅಸಂಖ್ಯ ಮಕ್ಕಳು ಎತ್ತಿ ಆಡಿಸುವವರಿಲ್ಲದೆ ಮಲಗಿದ್ದವು. 2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಅಮೆರಿಕನ್ ವಿಜ್ಞಾನಿಗಳು ಬುಖಾರೆಸ್ಟ್‌ನಲ್ಲಿ 136 ಮಕ್ಕಳ ಅಧ್ಯಯನ ಆರಂಭಿಸಿದರು. ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಸಾಕು ಕುಟುಂಬಗಳಿಗೆ ಕಳುಹಿಸಿದರು. ಆಯ್ಕೆ ಚೀಟಿಯದಾದ್ದರಿಂದ ‘ಒಳ್ಳೆಯ ವಂಶದ ಮಕ್ಕಳು ಮನೆ ಸೇರಿದರು’ ಎನ್ನಲು ಅವಕಾಶವಿರಲಿಲ್ಲ. ಮನೆ ಸಿಕ್ಕ ಮಕ್ಕಳು ಬುದ್ಧಿಯಲ್ಲಿ, ಹಚ್ಚಿಕೊಳ್ಳುವ ಗುಣದಲ್ಲಿ ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಮಡಿಲು ಸಿಕ್ಕವರು ಇನ್ನೂ ಚೆನ್ನಾಗಿ. ಆದರೆ ಪಾಲನಾಲಯದಲ್ಲೇ ಉಳಿದವರೆಲ್ಲರೂ ಒಂದೇ ರೀತಿ ಕುಗ್ಗಲಿಲ್ಲ. ಒಂದೇ ಕಷ್ಟವನ್ನು ಒಬ್ಬೊಬ್ಬ ಮಗು ಒಂದೊಂದು ರೀತಿ ತಾಳಿಕೊಳ್ಳುತ್ತದೆ, ಅದರಲ್ಲಿ ಹುಟ್ಟಿನ ಪಾಲೂ ಇದೆ. ಯಾವುದು ಎಷ್ಟು ಪಾಲು ಎಂದು ಒಂದು ಮಗುವಿನಲ್ಲಿ ಭಾಗ ಮಾಡಿ ತೋರಿಸುವುದು ಸಾಧ್ಯವೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾವು ಕೈ ಹಾಕಲು ಸಾಧ್ಯವಿರುವುದು ಪರಿಸರಕ್ಕೆ, ಅದೂ ಬೇಗ. ಮುಂಬೈನ ಕೊಳೆಗೇರಿಗಳಲ್ಲಿ 6,500ಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಹಸಿರು ಸೊಪ್ಪು, ಹಣ್ಣು, ಹಾಲು ಬೆರೆಸಿದ ತಿಂಡಿಯನ್ನು ಗರ್ಭ ಧರಿಸುವ ಮೊದಲಿನಿಂದಲೇ ಕೊಟ್ಟರು. ಒಟ್ಟಾರೆಯಾಗಿ ಮಕ್ಕಳ ಹುಟ್ಟುತೂಕ ಏರಲಿಲ್ಲ. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಮೂರು ತಿಂಗಳ ಮೊದಲೇ ತಿಂಡಿ ಶುರುಮಾಡಿದವರಲ್ಲಿ ಮಾತ್ರ ತುಸು ಏರಿತು. ಆದರೆ ಈ ತಿಂಡಿ ಸಿಗದ ಗುಂಪಿನಲ್ಲಿ ಶೇ 12.4ರಷ್ಟಿದ್ದ ಗರ್ಭಿಣಿಯರ ಸಕ್ಕರೆ ಕಾಯಿಲೆ, ಸಿಕ್ಕ ಗುಂಪಿನಲ್ಲಿ ಶೇ 7.3 ಮಾತ್ರ ಇತ್ತು.

ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಗಳಲ್ಲಿ ಗರ್ಭಿಣಿ–ಬಾಣಂತಿಯರಿಗೆ ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತಿದೆ. ಒಳ್ಳೆಯ ಕೆಲಸ. ಆದರೆ ಅದು ಶುರುವಾಗುವುದು ಬಸುರಾದ ಮೇಲೆ. ‘ಜಾಸ್ತಿ ತಿಂದರೆ ಮಗು ದಪ್ಪಗಾಗಿ ಹೆರಿಗೆ ಕಷ್ಟ’ ಎಂದು ಸೊಸೆಯ ತಟ್ಟೆಗೆ ಅರ್ಧ ಬಡಿಸುವ ಮನೆಗಳು ಇನ್ನೂ ಇವೆ. ಹೈಸ್ಕೂಲಿನ ಹುಡುಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತುವುದನ್ನು ಯಾರೂ ದೊಡ್ಡ ವಿಷಯ ಎಂದುಕೊಳ್ಳುವುದಿಲ್ಲ. ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ಮನೆಯ ಹೆಣ್ಣುಮಗಳನ್ನು ಎಲ್ಲರ ಜೊತೆಗೇ ಊಟಕ್ಕೆ ಕೂರಿಸಿ. ಅವಳ ತಟ್ಟೆಗೆ ಕಾಳು, ಸೊಪ್ಪು, ಹಾಲು, ನಿಮ್ಮ ಮನೆಯಲ್ಲಿ ರೂಢಿಯಿದ್ದರೆ ಮೊಟ್ಟೆ–ಮೀನು ಬೀಳುತ್ತಿದೆಯೇ ನೋಡಿ. ಅವಳ ಮದುವೆಗೆ ಇನ್ನೂ ಹತ್ತು ವರ್ಷವಿದ್ದರೂ ಇಂದಿನಿಂದಲೇ ನೋಡಿ.