ಟಿಪ್ಪಣಿಗೂ ಅಂಕಿತ ಬೇಕು

ಓದಿದುದನ್ನೂ ಕೇಳಿದುದನ್ನೂ ಬರೆದಿಟ್ಟುಕೊಳ್ಳುವ ಅಭ್ಯಾಸವು ನಮ್ಮ ನಾಡಿಗೆ ಹೊಸತಲ್ಲ. ಓಲೆಗರಿಯು ಹೋಗಿ ಕಡತ ಬಂದಿತು. ಕಡತವು ಹೋಗಿ ಕಾಗದದ ವಹಿ ಬಂದಿತು. ಈಗ ವಹಿಯ ಸ್ಥಾನವನ್ನು ಮೊಬೈಲು ಆಕ್ರಮಿಸಿರುತ್ತದೆ. ಯಾದಗಿರಿಯ ವಕೀಲರಾಗಲಿ, ಶಹಾಪುರದ ಉಪಾಧ್ಯಾಯರಾಗಲಿ, ಸುರಪುರದ ತಹಸೀಲು ಕಚೇರಿಯ ಗುಮಾಸ್ತರಾಗಲಿ, ತಮಗೆ ಬೇಕೆನಿಸಿದ ಮಾತನ್ನು ಇಂದು ಕೈಯೊಳಗಿನ ಯಂತ್ರದಲ್ಲಿಯೇ ಗುರುತು ಮಾಡಿಕೊಳ್ಳುವರು. ಕೆಲವರು ಗೂಗಲ್ ಕೀಪ್ ಎಂಬುದರಲ್ಲಿ ಬರೆಯುವರು. ಕೆಲವರು ವಾಟ್ಸಾಪಿನಲ್ಲಿ ತಮಗೆ ತಾವೇ ಸಂದೇಶ ಕಳುಹಿಸಿಕೊಳ್ಳುವರು. ತರುಣರು ನೋಷನ್, ಅಬ್ಸಿಡಿಯನ್, ಲಾಗ್‌ಸೆಕ್ ಮುಂತಾದ ಆ್ಯಪುಗಳನ್ನು ಬಳಸುವರು. ಬರೆದಿಡುವುದೇನೋ ಸುಲಭವಾಯಿತು. ಆದರೆ ಒಂದು ಆ್ಯಪಿನಲ್ಲಿ ಬರೆದ ಮಾತನ್ನು ಇನ್ನೊಂದರಲ್ಲಿ ಎತ್ತಿಕೊಂಡು ಉಪಯೋಗಿಸುವಾಗ, ಅದು ಯಾರ ಮಾತು, ಎಲ್ಲಿಂದ ಬಂದಿತು ಎಂಬ ಗುರುತು ಉಳಿಯುವುದೇ? ಈ ಪ್ರಶ್ನೆಯು ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರಬಹುದು. ಹಾಗಲ್ಲವೆಂಬುದೇ ನಮ್ಮ ಅಭಿಪ್ರಾಯ.

ಮೊದಲು ಈ ಆ್ಯಪುಗಳ ಕ್ರಮವನ್ನು ವಾಚಕರು ತಿಳಿಯತಕ್ಕದ್ದು. ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ದಾರಿ ತೋರಿಸುವುದು ಕೊಂಡಿ ಅಥವಾ ಲಿಂಕು. ಅಬ್ಸಿಡಿಯನ್ನಿನಲ್ಲಿ ಟಿಪ್ಪಣಿಯ ಹೆಸರನ್ನು ಜೋಡಿ ಚದರ ಕಂಸದಲ್ಲಿ ಬರೆದರೆ ಕೊಂಡಿ ಬೀಳುವುದು. ಲಾಗ್‌ಸೆಕ್ಕಿನಲ್ಲಿ ಪ್ರತಿಯೊಂದು ತುಣುಕಿಗೂ ಒಂದು ದೀರ್ಘವಾದ ಗುರುತಿನ ಸಂಖ್ಯೆಯನ್ನು ಕೊಡಬಹುದು; ಆ ಸಂಖ್ಯೆಯನ್ನು ಬೇರೆ ಪುಟದಲ್ಲಿ ಜೋಡಿ ಕಂಸದೊಳಗೆ ಇಟ್ಟರೆ ಮೂಲದ ತುಣುಕೇ ಅಲ್ಲಿ ಕಾಣಿಸಿಕೊಳ್ಳುವುದು. ನೋಷನ್ನಿನಲ್ಲಿಯೂ ಒಂದೇ ತುಣುಕನ್ನು ಹಲವು ಪುಟಗಳಲ್ಲಿ ತೋರಿಸುವ ಅನುಕೂಲವಿರುತ್ತದೆ. ಇದು ನಕಲಲ್ಲ, ಬಿಂಬ. ಮೂಲವನ್ನು ತಿದ್ದಿದರೆ ಬಿಂಬವೂ ತಿದ್ದಿಕೊಳ್ಳುವುದು.

ಈ ಕಲ್ಪನೆಯು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ವನಿವರ್ ಬುಷ್ ಎಂಬ ಶಾಸ್ತ್ರಜ್ಞರು ೧೯೪೫ರ ಜುಲೈ ತಿಂಗಳಲ್ಲಿ ಒಂದು ಮಾಸಪತ್ರಿಕೆಯ ಲೇಖನದಲ್ಲಿ, ಓದಿದ ಕಾಗದಗಳನ್ನು ಒಂದಕ್ಕೊಂದು ಹೆಣೆದಿಡುವ ಮೇಜಿನಂತಹ ಯಂತ್ರವನ್ನು ಊಹಿಸಿದರು. ೧೯೬೫ರಲ್ಲಿ ಟೆಡ್ ನೆಲ್ಸನ್ ಎಂಬವರು ಹೈಪರ್‌ಟೆಕ್ಸ್ಟ್ ಎಂಬ ಹೆಸರನ್ನು ಬಳಕೆಗೆ ತಂದರು. ಎತ್ತಿಕೊಂಡ ಮಾತು ತನ್ನ ಮೂಲದ ಸಂಬಂಧವನ್ನು ಎಂದೂ ಕಳೆದುಕೊಳ್ಳಬಾರದೆಂಬುದು ಅವರ ಹಟವಾಗಿತ್ತು. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ನರು (೧೯೨೭-೧೯೯೮) ಯಂತ್ರದ ನೆರವಿಲ್ಲದೆ ಸುಮಾರು ೯೦,೦೦೦ ಕಾಗದದ ಚೀಟಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಕೂಡಿಸಿ, ಪ್ರತಿಯೊಂದಕ್ಕೂ ಸಂಖ್ಯೆಯನ್ನಿತ್ತು, ಒಂದು ಚೀಟಿಯಲ್ಲಿ ಇನ್ನೊಂದರ ಸಂಖ್ಯೆಯನ್ನು ಬರೆದು, ಆ ಸಂಗ್ರಹದಿಂದ ಹತ್ತಾರು ಗ್ರಂಥಗಳನ್ನು ರಚಿಸಿದರು. ಚೀಟಿಯಲ್ಲಿ ಸಂಖ್ಯೆಯಿದ್ದುದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಮರೆಯಲಾಗದು.

ಆದರೆ ಸಂಖ್ಯೆಯನ್ನು ಯಾರು ಇಟ್ಟಿದ್ದಾರೆ ಎಂಬುದು ಮುಖ್ಯ. ಲೂಮನ್ನರ ಸಂಖ್ಯೆಯು ಅವರದೇ ಕೈಬರಹದ್ದು. ಪೆಟ್ಟಿಗೆಯನ್ನು ಎಲ್ಲಿಗೊಯ್ದರೂ ಅದು ಚೀಟಿಯೊಡನೆ ಹೋಗುವುದು. ಆ್ಯಪು ಇಟ್ಟ ಸಂಖ್ಯೆಯು ಆ ಆ್ಯಪಿನಲ್ಲಿ ಮಾತ್ರ ಚಲಾವಣೆಯಾಗುವ ನಾಣ್ಯ. ಲಾಗ್‌ಸೆಕ್ಕಿನ ಪುಟವನ್ನು ಬೇರೊಂದು ಆ್ಯಪಿನಲ್ಲಿ ತೆರೆದರೆ, ತುಣುಕು ಇರಬೇಕಾದಲ್ಲಿ ಕಂಸದೊಳಗಿನ ಅರ್ಥವಿಲ್ಲದ ಅಕ್ಷರ-ಅಂಕಿಗಳ ಸಾಲು ಮಾತ್ರ ಕಾಣುವುದು. ನೋಷನ್ನಿನಿಂದ ಪುಟಗಳನ್ನು ಹೊರಗೆ ತೆಗೆದರೆ ಮಾತುಗಳು ಬರುವುವು. ಬಿಂಬದ ಸಂಬಂಧ ಬರುವುದಿಲ್ಲ. ಅಂಗಡಿಯನ್ನು ಬದಲಿಸಿದೊಡನೆ ಲೆಕ್ಕದ ಪುಸ್ತಕವೇ ಓದಲು ಬಾರದಂತಾದರೆ, ಆ ಲೆಕ್ಕವು ನಮ್ಮದೆಂದು ಹೇಗೆ ಹೇಳುವುದು?

ಈ ತೊಡಕಿಗೆ ಪರಿಹಾರವನ್ನು ಹುಡುಕಲು ನಮ್ಮವರು ದೂರ ಹೋಗಬೇಕಾಗಿಲ್ಲ. ಜೇಡರ ದಾಸಿಮಯ್ಯನ ಊರೆಂದು ಪ್ರಸಿದ್ಧವಾದ ಮುದನೂರು ಸುರಪುರ ಸೀಮೆಯಲ್ಲಿಯೇ ಇರುತ್ತದೆ. ಆತನ ವಚನಗಳೆಂದು ಇಂದು ನಮಗೆ ಉಳಿದಿರುವುವು ಇನ್ನೂರರೊಳಗೆ. ಅವು ಉಳಿದ ಬಗೆಯನ್ನು ವಿಚಾರಿಸಿ ನೋಡಿರಿ. ವಚನಗಳು ನೂರಾರು ವರ್ಷ ಓಲೆಯಿಂದ ಓಲೆಗೆ ನಕಲಾದುವು. ಒಬ್ಬ ಸಂಕಲನಕಾರನು ತತ್ತ್ವಕ್ಕನುಸಾರವಾಗಿ ಜೋಡಿಸಿದನು, ಇನ್ನೊಬ್ಬನು ಸ್ಥಲಕ್ಕನುಸಾರವಾಗಿ ಜೋಡಿಸಿದನು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಬೇರೆ ಬೇರೆ ಶರಣರ ವಚನಗಳನ್ನು ಎತ್ತಿಕೊಂಡು, ಅವರೆಲ್ಲ ಒಂದೆಡೆ ಕುಳಿತು ಸಂವಾದ ಮಾಡಿದಂತೆ ಹೊಂದಿಸಿ ಶೂನ್ಯಸಂಪಾದನೆಯನ್ನು ರಚಿಸಿದನು. ಆತನ ತರುವಾಯ ಹಲಗೆಯ ದೇವ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ಮೂವರು ಅದೇ ಸಾಮಗ್ರಿಯನ್ನು ಬೆಳೆಸಿ, ಸ್ಥಾನ ಬದಲಿಸಿ, ಹೊಸದಾಗಿ ಹೆಣೆದರು. ಎತ್ತಿಕೊಳ್ಳುವುದು, ಜೋಡಿಸುವುದು, ಮರಳಿ ಬಳಸುವುದು ಎಂಬ ಇಂದಿನ ಆ್ಯಪುಗಳ ಕಸುಬನ್ನು ನಮ್ಮವರು ಓಲೆಯ ಮೇಲೆ ಇಷ್ಟು ವಿಸ್ತಾರವಾಗಿ ನಡೆಸಿದ್ದರು.

ಹೀಗೆ ಕೈಕೈ ಬದಲಾಯಿಸಿಯೂ ವಚನಗಳು ಮಾಲಿಕನಿಲ್ಲದ ಸರಕಾಗಲಿಲ್ಲ. ಕಾರಣವೇನು? ಅಂಕಿತ. ಕೂಡಲಸಂಗಮದೇವ ಎಂದರೆ ಬಸವಣ್ಣನವರು. ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು. ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ರಾಮನಾಥ ಎಂದರೆ ಮುದನೂರಿನ ದಾಸಿಮಯ್ಯ. ಗುರುತು ಹೊರಗಿನ ಪಟ್ಟಿಯಲ್ಲಿರಲಿಲ್ಲ. ಮಾತಿನ ಒಡಲೊಳಗೇ ಇದ್ದಿತು. ಓಲೆಯು ಹರಿದರೂ, ಕಟ್ಟು ಬಿಚ್ಚಿದರೂ, ಲಿಪಿಕಾರನ ಹೆಸರು ಅಳಿದರೂ, ಒಂದು ವಚನವು ದೊರೆತರೆ ಅದರ ಮನೆಯು ತಿಳಿಯುತ್ತಿದ್ದಿತು. ಫ. ಗು. ಹಳಕಟ್ಟಿಯವರು ಊರೂರಿನ ಓಲೆಕಟ್ಟುಗಳನ್ನು ಅರಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಮಾಡಿಸಿದಾಗಲೂ, ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು ಸಮಗ್ರ ವಚನ ಸಂಪುಟಗಳನ್ನು ೧೫ ಭಾಗಗಳಲ್ಲಿ ಹೊರತಂದಾಗಲೂ, ಬೆರೆತು ಹೋದ ರಾಶಿಯನ್ನು ಕರ್ತೃವಾರಾಗಿ ವಿಂಗಡಿಸಲು ಮೊದಲ ಆಧಾರವು ಅಂಕಿತವೇ ಆಗಿದ್ದಿತು.

ಅಂಕಿತವೊಂದೇ ಸಾಲದೆಂಬುದನ್ನೂ ಇದೇ ದಾಸಿಮಯ್ಯನು ನಮಗೆ ಕಲಿಸುವನು. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೇ, ಇಬ್ಬರೇ ಎಂಬ ವಾದವು ವಿದ್ವಾಂಸರಲ್ಲಿ ನಡೆದಿರುತ್ತದೆ. ಹೆಸರು ಉಳಿದಿದೆ, ಕಾಲ, ಸ್ಥಳ, ಸಂದರ್ಭಗಳ ಬರಹ ಜೊತೆಗೆ ಉಳಿಯಲಿಲ್ಲ. ಅಂಕಿತವನ್ನು ಕದಲಿಸಿದರೆ ಏನಾಗುವುದೆಂಬುದಕ್ಕೂ ನಮ್ಮ ಕಾಲದಲ್ಲಿಯೇ ನಿದರ್ಶನವಿದೆ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚಾದ ಒಂದು ಸಂಕಲನವನ್ನು ರಾಜ್ಯ ಸರಕಾರವು ೧೯೯೮ರಲ್ಲಿ ಮುಟ್ಟುಗೋಲು ಹಾಕಿತು. ೨೦೧೭ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಆ ವಾದದ ಗುಣದೋಷಗಳು ಇಲ್ಲಿ ನಮಗೆ ಬೇಕಾಗಿಲ್ಲ. ಒಂದು ಪದದ ಗುರುತು ಜನರಿಗೆ ಎಷ್ಟು ಬೆಲೆಯುಳ್ಳದ್ದು ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಅಧಿಕಾರಿಗಳಾದ ವಾಚಕರಿಗೆ ಇನ್ನೊಂದು ಉದಾಹರಣೆಯು ಹೆಚ್ಚು ಪರಿಚಿತವಾಗಿರಬಹುದು. ಹೊಲದ ಸರ್ವೆ ನಂಬರು ಎಂಬುದೇನು? ಪಹಣಿಯಲ್ಲಿ, ಆಕಾರಬಂದಿಯಲ್ಲಿ, ಮ್ಯುಟೇಷನ್ ವಹಿಯಲ್ಲಿ, ಮೋಜಣಿಯ ನಕ್ಷೆಯಲ್ಲಿ ಬೇರೆ ಬೇರೆಯಾಗಿ ಬರೆದಿರುವ ಸಂಗತಿಗಳನ್ನೆಲ್ಲ ಒಂದೇ ನೆಲಕ್ಕೆ ಕಟ್ಟಿಹಾಕುವ ಕೊಂಡಿಯೇ ಅದು. ನಿಜಾಮ ಸಂಸ್ಥಾನದ ಕಾಲದಲ್ಲಿ ಈ ಸೀಮೆಯ ಕಚೇರಿಗಳ ಭಾಷೆ ಉರ್ದುವಾಗಿತ್ತು. ೧೯೫೬ರಲ್ಲಿ ನಾವು ಕನ್ನಡ ರಾಜ್ಯವನ್ನು ಕೂಡಿಕೊಂಡೆವು. ಮುಂದೆ ಭೂಮಿ ಯೋಜನೆಯಿಂದ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ೨೦೧೦ರಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ಭಾಷೆ, ರಾಜ್ಯ, ಜಿಲ್ಲೆ, ಸಾಧನ ಇವೆಲ್ಲವೂ ಬದಲಾದುವು. ಆದರೂ ಹಳೆಯ ಕಾಗದವನ್ನು ಹೊಸ ಕಾಗದದೊಡನೆ ಕೂಡಿಸಿ ನೋಡಬೇಕಾದರೆ ಊರಿನ ಹೆಸರು ಮತ್ತು ಹೊಲದ ನಂಬರೇ ಗತಿ. ಕಚೇರಿಯ ಕಾಗದಕ್ಕೆ ಸಲ್ಲುವ ನ್ಯಾಯವು ಮನೆಯ ಟಿಪ್ಪಣಿಗೂ ಸಲ್ಲತಕ್ಕದ್ದು.

ಸುರಪುರದಲ್ಲಿ ೧೮೫೩ರವರೆಗೆ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರನು ಈ ಸೀಮೆಯ ಪುರಾತನ ಕಲ್ಮನೆಗಳನ್ನೂ ಕಲ್ಗುಪ್ಪೆಗಳನ್ನೂ ಕಣ್ಣಾರೆ ನೋಡಿ ಗುರುತು ಮಾಡಿಕೊಂಡನು. ಆ ವಿಷಯವನ್ನು ೧೮೫೩ರಲ್ಲಿ ಮುಂಬಯಿಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದನು. ೧೮೬೦ರ ದಶಕದಲ್ಲಿ ಐರ್ಲೆಂಡಿನ ಅಕಾಡೆಮಿಯ ಮುಂದೆ ಅದನ್ನೇ ವಿಸ್ತರಿಸಿದನು. ಆತನು ಪರಕೀಯ ಆಡಳಿತದ ಅಧಿಕಾರಿಯೆಂಬುದನ್ನು ನಾವು ಮರೆತಿಲ್ಲ. ಆದರೂ ರಾಜನಕೋಳೂರು ಮೊದಲಾದ ಊರುಗಳ ಹೆಸರನ್ನು ಕಾಣಿಸಿ ಬರೆದುದರಿಂದ, ಮುಂದಿನ ಶೋಧಕರು ಅದೇ ಕಲ್ಲಿನ ಬಳಿ ಹೋಗಿ ನಿಲ್ಲಲು ಶಕ್ಯವಾಯಿತು. ನಮ್ಮ ಹಳ್ಳಿಗಳ ಎಷ್ಟೋ ಉಪಾಧ್ಯಾಯರು ಶಾಸನ, ಹಂತಿಯ ಪದ, ತತ್ತ್ವಪದಗಳನ್ನು ಇಂದು ಮೊಬೈಲಿನಲ್ಲಿ ಬರೆದಿಡುತ್ತಿರುವರು. ಹಾಡಿದವರಾರು, ಯಾವ ಊರು, ಯಾವ ದಿನ ಎಂಬುದನ್ನು ಬರೆಯದಿದ್ದರೆ, ಹತ್ತು ವರ್ಷಗಳ ನಂತರ ಬರೆದವರಿಗೇ ಅದು ತಿಳಿಯಲಾರದು.

ಕನ್ನಡದಲ್ಲಿ ಬರೆಯುವವರಿಗೆ ಎರಡು ತೊಡಕುಗಳು ವಿಶೇಷವಾಗಿವೆ. ಮೊದಲನೆಯದು ಲಿಪಿ. ಹಳೆಯ ನುಡಿ ಮುಂತಾದ ಫಾಂಟುಗಳಲ್ಲಿ ಬರೆದ ಬರಹವು ತೆರೆಯ ಮೇಲೆ ಕನ್ನಡವಾಗಿ ಕಂಡರೂ, ಯಂತ್ರದ ಒಳಗೆ ಅದು ರೋಮನ್ ಅಕ್ಷರಗಳ ಗೊಂದಲವೇ ಆಗಿರುವುದು. ಬೇರೆ ಆ್ಯಪಿಗೆ ಒಯ್ದೊಡನೆ ಬಣ್ಣ ಬಯಲಾಗುವುದು. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ಸ್ವಂತ ಸ್ಥಾನವಿರುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿಡದ ಹೊರತು ಕೊಂಡಿಯ ಮಾತೇ ವ್ಯರ್ಥ. ಎರಡನೆಯದು ಕಾಗುಣಿತ. ಒಬ್ಬರು ಸುರಪುರವೆಂದರೆ ಇನ್ನೊಬ್ಬರು ಶೋರಾಪುರವೆನ್ನುವರು. ಯಾದಗಿರಿ, ಯಾದಗೀರ ಎಂದು ಎರಡು. ಶಹಾಪುರ, ಶಹಪುರ ಎಂದು ಎರಡು. ಹೆಸರನ್ನು ನಂಬಿದ ಕೊಂಡಿಯು ಒಂದು ದೀರ್ಘದ ವ್ಯತ್ಯಾಸಕ್ಕೇ ತಪ್ಪಿಹೋಗುವುದು. ಆದುದರಿಂದ ಒಂದು ರೂಪವನ್ನು ನಿಶ್ಚಯಿಸಿ, ಉಳಿದವನ್ನು ಅದೇ ಟಿಪ್ಪಣಿಯ ಪರ್ಯಾಯ ಹೆಸರುಗಳಾಗಿ ಬರೆದಿಡುವುದು ಲೇಸು. ಅಬ್ಸಿಡಿಯನ್ನಿನಲ್ಲಿ ಇದಕ್ಕೆ ಅವಕಾಶವೇ ಇರುತ್ತದೆ. ಅವಕಾಶವಿಲ್ಲದ ಆ್ಯಪಿನಲ್ಲಿ ಟಿಪ್ಪಣಿಯ ಮೊದಲ ಸಾಲಿನಲ್ಲಿಯೇ ಬರೆದರೂ ಹುಡುಕಿದಾಗ ದೊರೆಯುವುದು.

ಕೆಲವರು ಆಕ್ಷೇಪಿಸಬಹುದು: ಹುಡುಕುವ ಶಕ್ತಿಯೂ ಕೃತಕ ಬುದ್ಧಿಯೂ ಇರುವಾಗ ಇಷ್ಟು ಶ್ರಮವೇಕೆ? ಹುಡುಕಾಟವು ಮಾತನ್ನು ತೋರಿಸಬಲ್ಲದು. ಬರೆಯದೆ ಬಿಟ್ಟ ಮೂಲವನ್ನು ಸೃಷ್ಟಿಸಲಾರದು. ಸೃಷ್ಟಿಸಿಕೊಟ್ಟರೆ ಅದು ಇನ್ನೂ ಅಪಾಯ. ತನ್ನ ಮಾತು ಯಾವುದು, ಪರರ ಮಾತು ಯಾವುದು ಎಂಬ ವಿವೇಕವಿಲ್ಲದ ಸಂಗ್ರಹದಿಂದ ಬರೆದ ಭಾಷಣವೂ ಲೇಖನವೂ ತಿಳಿಯದೆ ಮಾಡಿದ ಕಳವಿನಲ್ಲಿ ಮುಗಿಯುವುದು. ನ್ಯಾಯಾಲಯದಲ್ಲಿಯಾಗಲಿ ಕಚೇರಿಯ ಟಿಪ್ಪಣಿಯಲ್ಲಿಯಾಗಲಿ, ಮೂಲವಿಲ್ಲದ ಮಾತಿಗೆ ಸಾಕ್ಷ್ಯದ ಬೆಲೆಯಿಲ್ಲ.

ಆದಕಾರಣ ನಾವು ಸೂಚಿಸುವ ಕ್ರಮವು ಇಷ್ಟು. ಒಂದು ಟಿಪ್ಪಣಿಯಲ್ಲಿ ಒಂದೇ ಸಂಗತಿಯಿರಲಿ. ಅದರ ಕೊನೆಯಲ್ಲಿ, ಅಂಕಿತದಂತೆ, ಹೇಳಿದವರ ಹೆಸರು, ಗ್ರಂಥ, ಪುಟ, ಊರು, ದಿನಾಂಕಗಳು ಅಕ್ಷರರೂಪದಲ್ಲಿಯೇ ಇರಲಿ. ಜೊತೆಗೆ ವರ್ಷ, ತಿಂಗಳು, ದಿನ, ಗಳಿಗೆಗಳನ್ನು ಕೂಡಿಸಿ ತಾವೇ ಇಟ್ಟ ಒಂದು ಸಂಖ್ಯೆಯಿರಲಿ. ಆ್ಯಪಿನ ಕೊಂಡಿಯು ಕಡಿದರೂ ಆ ಸಂಖ್ಯೆಯನ್ನು ಯಾವ ಆ್ಯಪಿನಲ್ಲಿಯಾದರೂ ಹುಡುಕಬಹುದು. ಎರಡು ಟಿಪ್ಪಣಿಗಳನ್ನು ಕೂಡಿಸುವಾಗ ಏಕೆ ಕೂಡಿಸಿದೆವೆಂದು ಒಂದು ಸಾಲು ಬರೆಯಲಿ. ಕಾರಣವಿಲ್ಲದ ಕೊಂಡಿಯು ಜೇಡರ ಬಲೆಯಾಗುವುದೇ ಹೊರತು ಜೇಡರ ದಾಸಿಮಯ್ಯನ ಮಗ್ಗವಾಗದು. ನಿತ್ಯವೂ ತಿದ್ದಬೇಕಾದ ಸಂಗತಿಗೆ ಬಿಂಬವು ಉಚಿತ. ಪರರ ಉಕ್ತಿ, ಆಜ್ಞೆ, ತೀರ್ಪು, ಕಳುಹಿಸಿದ ಉತ್ತರ ಇವುಗಳಿಗೆ ದಿನಾಂಕಸಹಿತವಾದ ನಕಲೇ ಉಚಿತ. ಅವು ನಾಳೆ ತಾವಾಗಿ ಬದಲಾಗಕೂಡದು. ವರ್ಷಕ್ಕೆ ಎರಡು ಸಾರಿಯಾದರೂ ಎಲ್ಲವನ್ನೂ ಹೊರತೆಗೆದು, ಸರಳ ಅಕ್ಷರಕಡತವಾಗಿ ಉಳಿಸಿ, ಬೇರೊಂದು ಆ್ಯಪಿನಲ್ಲಿ ತೆರೆದು ಪರೀಕ್ಷಿಸಲಿ. ಅಲ್ಲಿ ಓದಲು ಬಂದರೆ ಅದು ನಮ್ಮ ಸೊತ್ತು; ಬಾರದಿದ್ದರೆ ಅದು ಬಾಡಿಗೆಯ ಮನೆ.

ಬಡ ಸಂಕಲನಕಾರರು ಕಂಟಕ್ಕೆ ಕಣ್ಣನ್ನು ಸವೆಸಿ, ಪ್ರತಿಯೊಂದು ವಚನದ ಕೊನೆಯ ಅಂಕಿತವನ್ನು ತಪ್ಪದೆ ಕೊರೆದುದರಿಂದ ಮುದನೂರಿನ ನೇಕಾರನ ಮಾತು ಇಂದು ನಮ್ಮ ಕಿವಿಗೆ ಬೀಳುತ್ತಿದೆ. ಬೆರಳ ತುದಿಯಲ್ಲಿ ಎಲ್ಲ ಸೌಕರ್ಯವನ್ನೂ ಪಡೆದ ನಾವು ಒಂದು ಸಾಲು ಹೆಚ್ಚಾಗಿ ಬರೆಯಲು ಬೇಸರಪಟ್ಟರೆ, ಮುಂದಿನವರು ನಮ್ಮಿಂದ ಪಡೆಯುವುದು ರಾಶಿಯನ್ನೇ ಹೊರತು ಸಂಪತ್ತನ್ನಲ್ಲ.